ಪಂಥಕ್ಕೆ ಬುದ್ಧಿ ಹೇಳುವವರು

ಪಂಥ ಕಟ್ಟುವುದು ಮನುಷ್ಯನಿಗೆ ಹೊಸದೇನಲ್ಲ. ದಾಳದ ಚಟಕ್ಕೆ ಬಿದ್ದು ಮನೆ-ಮಡದಿಯರನ್ನು ಕಳೆದುಕೊಂಡವನೊಬ್ಬನ ಅಳಲು ಋಗ್ವೇದದಷ್ಟು ಹಳೆಯದು. ಮಹಾಭಾರತದ ಸಭಾಪರ್ವವನ್ನು ಬಲ್ಲ ನಮ್ಮ ಓದುಗ ಬಂಧುಗಳಿಗೆ ಈ ವಿಷಯದಲ್ಲಿ ಹೆಚ್ಚು ಹೇಳಬೇಕಾದುದೂ ಇಲ್ಲ. ಆದರೆ ತಾನು ಪಂಥ ಕಟ್ಟದೆ, ಕಟ್ಟುವವನಿಗೆ ಬುದ್ಧಿ ಹೇಳುವುದನ್ನೇ ಉದ್ಯೋಗವನ್ನಾಗಿ ಮಾಡಿಕೊಂಡು, 'ಇಂದು ಈ ತಂಡ ಗೆಲ್ಲುತ್ತದೆ, ಇದರ ಮೇಲೆ ಹಾಕಿರಿ' ಎಂದು ಹೇಳಿ ಅದಕ್ಕಾಗಿ ಕಾಣಿಕೆ ಪಡೆಯುವ ಒಂದು ವರ್ಗವೇ ಇತ್ತೀಚೆಗೆ ಬೆಳೆದು ನಿಂತಿದೆ. ಇವರು ಜನರ ನಂಬಿಕೆಯನ್ನು ಯಾವ ಬಗೆಯಿಂದ ಗಳಿಸುತ್ತಾರೆ ಎಂಬುದನ್ನು ನಾವು ಸ್ವಲ್ಪ ಹತ್ತಿರದಿಂದ ನೋಡುವ ಪ್ರಸಂಗ ಒದಗಿತು. ಅದನ್ನು ಇಲ್ಲಿ ನಿವೇದಿಸುತ್ತೇವೆ.

ಮಠದ ಪಾಠಶಾಲೆಯಲ್ಲಿ ನಾವು ತರ್ಕಶಾಸ್ತ್ರವನ್ನು ಓದುತ್ತಿದ್ದಾಗ 'ಆಪ್ತ' ಎಂಬ ಶಬ್ದದ ಮೇಲೆ ನಮ್ಮ ಗುರುಗಳು ನಾಲ್ಕು ದಿವಸ ಪಾಠ ಹೇಳಿದ್ದು ನೆನಪಿದೆ. ಇನ್ನೊಬ್ಬರ ಮಾತು ನಮಗೆ ಪ್ರಮಾಣವಾಗಬೇಕಾದರೆ ಆ ಮಾತಾಡಿದವನು ಆಪ್ತನಾಗಿರಬೇಕು. ಆಪ್ತನೆಂದರೆ ಬಂಧುವೂ ಅಲ್ಲ, ಗೆಳೆಯನೂ ಅಲ್ಲ. ವಸ್ತುವನ್ನು ಇದ್ದಂತೆ ಕಂಡವನು, ಕಂಡಂತೆ ಹೇಳಬೇಕೆಂಬ ಇಚ್ಛೆಯುಳ್ಳವನು, ಮರೆಮಾಚುವುದರಿಂದ ತನಗೆ ಯಾವ ಲಾಭವೂ ಇಲ್ಲದವನು ಆಪ್ತನು. ಈ ಲಕ್ಷಣವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಕೋರುತ್ತೇವೆ.

ನಮ್ಮ ತಡಸವು ಶಿಗ್ಗಾವಿ ತಾಲೂಕಿನ ಗ್ರಾಮ. ಹುಬ್ಬಳ್ಳಿಯಿಂದ ಶಿಗ್ಗಾವಿಯತ್ತ ಸಾಗುವ ಹೆದ್ದಾರಿಯಲ್ಲಿ ತಡಸ ಕ್ರಾಸ್ ಎಂದರೆ ಎಲ್ಲ ವಾಹನದವರಿಗೂ ಗೊತ್ತು. ಅಲ್ಲಿಂದ ಮುಂಡಗೋಡದ ಕಡೆಗೆ ಹಾದಿ ಹೊರಳುತ್ತದೆ. ಹಿಂದೆ ಇಂತಹ ಊರುಗಳ ಚಹಾದಂಗಡಿಯ ಕಟ್ಟೆಗಳಲ್ಲಿ ಕ್ರಿಕೆಟ್ಟಿನ ಮಾತಿರಲಿಲ್ಲ, ಓಸಿಯ ಮಾತಿತ್ತು. ಮುಂಬಯಿಯವರು ಮಟಕಾ ಎನ್ನುವುದನ್ನೇ ನಮ್ಮ ಕಡೆಗೆ ಓಸಿ ಎನ್ನುವುದು ವಾಡಿಕೆ. ನ್ಯೂಯಾರ್ಕ್ ಹತ್ತಿ ಪೇಟೆಯ ಆರಂಭದ ದರ, ಮುಕ್ತಾಯದ ದರಗಳ ಮೇಲೆ ಮುಂಬಯಿಯಲ್ಲಿ ಆಡುತ್ತಿದ್ದ ಜೂಜು ಇದರ ಮೂಲ. ೧೯೬೦ರ ದಶಕದ ಆರಂಭದಲ್ಲಿ ಆ ದರಗಳು ಬರುವುದು ನಿಂತ ಮೇಲೆ ಕಲ್ಯಾಣಜಿ ಭಗತ್, ರತನ್ ಖತ್ರಿ ಮೊದಲಾದವರು ಗಡಿಗೆಯಿಂದ ಚೀಟಿ ಎತ್ತುವ, ಇಸ್ಪೀಟಿನ ಎಲೆ ತೆಗೆಯುವ ಪದ್ಧತಿಯನ್ನು ನಡೆಸಿದರು. ಧಾರವಾಡ ಸೀಮೆಯ ಕಪ್ಪು ಮಣ್ಣಿಗೆ ಅಮೆರಿಕದ ಹತ್ತಿಬೀಜ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಮೆರಿಕದ ಹತ್ತಿಯ ಹೆಸರಿನ ಜೂಜು ಬಂದದ್ದು ಇಪ್ಪತ್ತನೆಯದರಲ್ಲಿ. ಮೊದಲನೆಯದು ರೈತನಿಗೆ ಅನ್ನ ಕೊಟ್ಟಿತು ಎಂಬಷ್ಟೇ ವ್ಯತ್ಯಾಸ.

ಒಂದು ರೂಪಾಯಿ ಹಾಕಿದವನ ಎರಡಂಕಿಯ ಸಂಖ್ಯೆ ಬಂದರೆ ಎಂಬತ್ತು ರೂಪಾಯಿ ಕೊಡುವುದು ನಮ್ಮ ಭಾಗದ ಓಸಿಯ ವಾಡಿಕೆ. ಸಂಖ್ಯೆಗಳು ನೂರಿವೆ, ಕೊಡುವುದು ಎಂಬತ್ತು. ನೂರು ಜನ ನೂರು ಸಂಖ್ಯೆಗೆ ಹಾಕಿದರೂ ಇಪ್ಪತ್ತು ರೂಪಾಯಿ ಚೀಟಿ ಬರೆಸಿಕೊಳ್ಳುವವನ ಕಡೆಗೇ ಉಳಿಯುತ್ತದೆ. ಮೂರನೆಯ ಇಯತ್ತೆಯ ಹುಡುಗನೂ ಮಾಡಬಲ್ಲ ಈ ಲೆಕ್ಕವನ್ನು ದೊಡ್ಡವರು ಮಾಡುತ್ತಿರಲಿಲ್ಲ. ಅದಕ್ಕೆ ಬದಲಾಗಿ ಹಳೆಯ ಅಂಕಿಗಳ ಚಾರ್ಟುಗಳನ್ನು ಕೊಂಡುತಂದು, ಗೀಟು ಎಳೆದು, 'ಇಂದು ಏಳು ಬರಬೇಕು' ಎಂದು ಹೇಳುವ ಪಂಡಿತನ ಸುತ್ತ ಕೂರುತ್ತಿದ್ದರು. ಹಾದಿಯಲ್ಲಿ ತನ್ನಷ್ಟಕ್ಕೆ ಗೊಣಗುವ ಬುದ್ಧಿಭ್ರಮಣೆಯವನ ಬಾಯಿಂದ ಬಿದ್ದ ಅಂಕಿಯನ್ನೂ ಬಿಡುತ್ತಿರಲಿಲ್ಲ. ಮಠಕ್ಕೆ ಬಂದು, ಪಾದಕ್ಕೆ ನಮಸ್ಕರಿಸಿ, ಎದ್ದು ನಿಂತು, ದನಿ ತಗ್ಗಿಸಿ 'ಒಂದ್ ನಂಬರ್ ಅಪ್ಪಣೆ ಆಗಬೇಕ್ರಿ' ಎಂದವರನ್ನು ನಾವೇ ಕಂಡಿದ್ದೇವೆ. ಒಬ್ಬರಿಗಂತೂ ನಾವು 'ಮನೆಗೆ ಹೋಗಿರಿ' ಎಂದು ಹೇಳಿದ್ದನ್ನು ಅಕ್ಷರ ಎಣಿಸಿ ಅಂಕಿ ಮಾಡಿಕೊಂಡು ಹಾಕಿದರೆಂದು ಆಮೇಲೆ ತಿಳಿಯಿತು. ಬರಲಿಲ್ಲವೆಂಬುದು ನಮ್ಮ ಪುಣ್ಯ. ಬಂದಿದ್ದರೆ ನಮ್ಮ ಮನೆಯ ಮುಂದೆ ಸಾಲು ಹಚ್ಚುತ್ತಿದ್ದರು.

ಇದನ್ನು ವಿನೋದಕ್ಕಾಗಿ ಹೇಳುತ್ತಿಲ್ಲ. ಸಂಖ್ಯೆ ಬಾರದಿದ್ದಾಗ ಅವರು ನಮ್ಮನ್ನು ದೂರಲಿಲ್ಲ, ತಾವು ಅಕ್ಷರ ಎಣಿಸಿದ್ದು ತಪ್ಪಾಯಿತೆಂದುಕೊಂಡರು. ಬುದ್ಧಿ ಹೇಳುವವನ ವ್ಯಾಪಾರವೆಲ್ಲ ಈ ಒಂದು ಗುಣದ ಮೇಲೆ ನಿಂತಿದೆ.

ಇನ್ನು ಮೇಲೆ ಹೇಳಿದ ಪ್ರಸಂಗ. ನಮ್ಮ ಬಳಗಕ್ಕೆ ಸೇರಿದ ಒಂದು ಒಕ್ಕಲುತನದ ಮನೆ. ಮೂರೆಕರೆ ಹೊಲ, ಗೋವಿನಜೋಳ ಮುಖ್ಯ ಪೀಕು. ಮಗ ಪದವಿ ಮುಗಿಸಿ ಹುಬ್ಬಳ್ಳಿಯಲ್ಲಿ ಸಣ್ಣ ನೌಕರಿ ಹಿಡಿದಿದ್ದನು. ೨೦೨೪ರ ಸಂಕ್ರಾಂತಿ ಮುಗಿದ ಮೇಲೆ ಅವನ ತಂದೆ ನಮ್ಮಲ್ಲಿಗೆ ಬಂದು ಬಹಳ ಹೊತ್ತು ಮಳೆ-ಬೆಳೆಯ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದರು. ಪೀಕಿನ ಹಣ ಬ್ಯಾಂಕಿನಲ್ಲಿಲ್ಲ; ಮನೆಯವರ ಬೋರಮಾಳ ಪೆಟ್ಟಿಗೆಯಲ್ಲಿಲ್ಲ. ಹುಡುಗನನ್ನು ಕರೆಸಿ ಮಾತಾಡಿಸಿದೆವು. ಅವನು ಅತ್ತನೇ ಹೊರತು ಆ ಬುದ್ಧಿ ಹೇಳಿದವನನ್ನು ಬೈಯಲಿಲ್ಲ.

"ಗುರುಗಳ, ಅವರು ಸುಳ್ಳ ಹೇಳಂಗಿಲ್ರಿ. ನಂದ ನಸೀಬ ಖೊಟ್ಟಿ ಐತ್ರಿ" ಎಂದನು.

ಆ ದಿನವೇ ಅವನ ಮೊಬೈಲಿನಲ್ಲಿದ್ದ ಸಂದೇಶಗಳನ್ನೆಲ್ಲ ಅವನಿಂದಲೇ ಓದಿಸಿ ಕೇಳಿದೆವು. ಯಾರೋ ಗೆಳೆಯ ಅವನನ್ನು ಒಂದು ಗುಂಪಿಗೆ ಸೇರಿಸಿದ್ದನು. ಮೊದಲ ವಾರ ಹಣದ ಮಾತೇ ಇಲ್ಲ. 'ಏನೂ ಹಾಕಬೇಡಿರಿ, ಸುಮ್ಮನೆ ನೋಡಿರಿ, ನಂಬಿಕೆ ಬಂದರೆ ಮಾತ್ರ ಮುಂದುವರಿಯಿರಿ' ಎಂದು ಅತ್ಯಂತ ವಿನಯದ ಮಾತು. ವಂಚಕನೆಂದರೆ ಅವಸರಪಡಿಸುವವನು ಎಂದು ನಾವೆಲ್ಲ ತಿಳಿದಿದ್ದೇವೆ. ಇವನು ತಡೆದು ನಿಲ್ಲಿಸುತ್ತಾನೆ, ಅದರಿಂದಲೇ ನಂಬಿಕೆ ಹುಟ್ಟುತ್ತದೆ. ದಿನಕ್ಕೊಂದು ಪಂದ್ಯ, ದಿನಕ್ಕೊಂದು ಮಾತು. ಗೆದ್ದ ಜನರು ಪಡೆದ ಹಣದ ಚಿತ್ರಗಳು, ಹೊಸ ಮೋಟಾರು ಸೈಕಲ್ಲಿನ ಚಿತ್ರ, 'ಅಣ್ಣಾ, ನಿಮ್ಮಿಂದ ತಂಗಿಯ ಮದುವೆ ಆಯಿತು' ಎಂಬ ಕೃತಜ್ಞತೆಯ ಮಾತು. ಅಂತಹ ಚಿತ್ರಗಳನ್ನು ಯಾರು ಬೇಕಾದರೂ ಐದು ನಿಮಿಷದಲ್ಲಿ ರಚಿಸಬಹುದೆಂದು ನಮ್ಮ ಮೊಮ್ಮಗಳು ಮಾಡಿ ತೋರಿಸಿದಳು.

ಅದು ೨೦೨೩ರ ವಿಶ್ವಕಪ್ಪಿನ ಕಾಲ. ಆ ಸಾಲಿನಲ್ಲಿ ಭಾರತ ತಂಡವು ಆಡಿದ ಮೊದಲ ಹತ್ತು ಪಂದ್ಯಗಳನ್ನೂ ಸಾಲಾಗಿ ಗೆದ್ದಿತು. 'ಇಂದು ಭಾರತ' ಎಂದು ಹತ್ತು ಸಲ ಹೇಳಿದ ಯಾವನೇ ಆಗಲಿ ಹತ್ತು ಸಲವೂ ಸರಿಯೇ. ನಮ್ಮ ಮನೆಯ ಎದುರಿನ ಕಿರಾಣಿ ಅಂಗಡಿಯವರೂ ಹಾಗೆಯೇ ಹೇಳಿದ್ದರು; ಆದರೆ ಅವರು ಅದಕ್ಕೆ ಶುಲ್ಕ ಕೇಳಿರಲಿಲ್ಲ. ಹುಡುಗನು ಐದನೆಯ ಗೆಲುವಿನ ಮೇಲೆ ಆರು ಸಾವಿರ ರೂಪಾಯಿ ಕೊಟ್ಟು ಒಂದು ವರ್ಷಕ್ಕೆ 'ವಿಐಪಿ' ಸದಸ್ಯನಾದನು. ಎಲ್ಲರೂ ಗೆಲ್ಲುವುದೆಂದು ಬಗೆದ ತಂಡದ ಮೇಲೆ ಹಾಕಿದರೆ ಸಿಗುವ ಲಾಭ ಅಲ್ಪ. ನೂರಕ್ಕೆ ಮೂವತ್ತೋ ನಲವತ್ತೋ. ಆದ್ದರಿಂದ ದೊಡ್ಡ ಮೊತ್ತವನ್ನೇ ಹಾಕಬೇಕೆಂದು ಬುದ್ಧಿ ಹೇಳಲಾಯಿತು. ನವೆಂಬರ್ ೧೯ರಂದು ಅಹಮದಾಬಾದಿನಲ್ಲಿ ಅಂತಿಮ ಪಂದ್ಯ. ಆ ದಿನ ಆಸ್ಟ್ರೇಲಿಯಾ ಗೆದ್ದಿತು. ಪೀಕಿನ ಹಣ ಹೋದದ್ದು ಆ ರಾತ್ರಿ.

ಬೋರಮಾಳ ಹೋದದ್ದು ಆ ಮೇಲಿನ ಇಪ್ಪತ್ತು ದಿನಗಳಲ್ಲಿ. ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಂತಿಮ ಪಂದ್ಯದ ಮರುದಿನ ಬುದ್ಧಿ ಹೇಳುವವನು ಓಡಿಹೋಗಲಿಲ್ಲ. ಗುಂಪಿನಲ್ಲಿದ್ದ ತನ್ನ ಹಿಂದಿನ ದಿನದ ಮಾತನ್ನು ಅಳಿಸಿಹಾಕಿದನು; ಹುಡುಗನಿಗೆ ಬೇರೆಯಾಗಿ ಕರೆ ಮಾಡಿ ಸಮಾಧಾನ ಹೇಳಿದನು; 'ನಷ್ಟ ತುಂಬಿಸಿಕೊಡುವ ಹೊಣೆ ನನ್ನದು' ಎಂದನು. ಉಪಾಯವೇನೆಂದರೆ ಸೋತಾಗಲೆಲ್ಲ ಎರಡು ಪಟ್ಟು ಹಾಕುವುದು. ಒಂದು ಸಲ ಗೆದ್ದರೆ ಎಲ್ಲವೂ ಬಂದಂತೆ. ಕೇಳುವುದಕ್ಕೆ ಗಣಿತದಂತಿದೆ. ಐನೂರು ರೂಪಾಯಿಯಿಂದ ಆರಂಭಿಸಿ ಆರು ಸಲ ಸಾಲಾಗಿ ಸೋತವನು ಕಳೆದುಕೊಂಡ ಮೊತ್ತ ೩೧,೫೦೦ ರೂಪಾಯಿ. ಏಳನೆಯ ಸಲ ಅವನು ಹಾಕಬೇಕಾದದ್ದು ೩೨,೦೦೦. ಹಾಕಿದ್ದಕ್ಕೆ ಸರಿಸಮ ಸಿಗುತ್ತದೆಂದು ಹಿಡಿದರೂ ಗೆದ್ದ ಮೇಲೆ ಅವನಿಗೆ ಉಳಿಯುವ ಲಾಭ ಐನೂರೇ ರೂಪಾಯಿ. ಒಕ್ಕಲಿಗನ ಮನೆಯಲ್ಲಿ ಆ ಏಳನೆಯ ಹೆಜ್ಜೆಯನ್ನು ಇಡುವುದಕ್ಕೆ ಬಂಗಾರವಲ್ಲದೆ ಬೇರೆ ಏನಿರುತ್ತದೆ?

ಪ್ರತಿಯೊಂದು ಸಲವೂ ಭಾರತವೇ ಗೆಲ್ಲುವುದಿಲ್ಲವಲ್ಲ, ಹಾಗಾದರೆ ಸಾಲಾಗಿ ಸರಿಯಾಗಿ ಹೇಳುವುದು ಹೇಗೆ ಎಂದು ಕೇಳುವವರಿಗೆ ಒಂದು ಹಳೆಯ ತಂತ್ರವನ್ನು ತಿಳಿಸುತ್ತೇವೆ. ೬೪೦ ಜನರ ಪಟ್ಟಿ ಮಾಡಿಕೊಂಡು ೩೨೦ ಜನರಿಗೆ 'ಈ ತಂಡ' ಎಂದೂ, ಉಳಿದ ೩೨೦ ಜನರಿಗೆ 'ಆ ತಂಡ' ಎಂದೂ ಹೇಳುವುದು. ಪಂದ್ಯ ಮುಗಿದ ಮೇಲೆ ತಪ್ಪು ಕೇಳಿದವರನ್ನು ಬಿಟ್ಟು ಸರಿ ಕೇಳಿದವರನ್ನು ಮತ್ತೆ ಎರಡು ಪಾಲು ಮಾಡುವುದು. ೧೬೦, ೮೦, ೪೦. ಐದನೆಯ ಪಂದ್ಯ ಮುಗಿದಾಗ ಇಪ್ಪತ್ತು ಜನ ಉಳಿಯುತ್ತಾರೆ. ಆ ಇಪ್ಪತ್ತು ಜನರ ಪಾಲಿಗೆ ಇವನು ಐದಕ್ಕೆ ಐದೂ ಸರಿ ಹೇಳಿದ ತ್ರಿಕಾಲಜ್ಞಾನಿ. ಮೋಸಹೋಗದ ೬೨೦ ಜನ ತಮ್ಮ ತಮ್ಮ ಮನೆಗಳಲ್ಲಿ ಸುಮ್ಮನಿರುತ್ತಾರೆ. ಅವರಿಗೂ ಈ ಇಪ್ಪತ್ತು ಜನರಿಗೂ ಪರಿಚಯವಿಲ್ಲ. ೨೦೦೮ರಲ್ಲಿ ಇಂಗ್ಲೆಂಡಿನ ಡೆರೆನ್ ಬ್ರೌನ್ ಎಂಬ ಮಾಯಾಜಾಲದವರು ಕುದುರೆ ಜೂಜಿನಲ್ಲಿ ಇದನ್ನೇ ಮಾಡಿ ದೂರದರ್ಶನದಲ್ಲಿ ಬಯಲುಮಾಡಿದರು. ಅವರು ೭,೭೭೬ ಜನರನ್ನು ಆರಾರು ಪಾಲು ಮಾಡುತ್ತಾ ಹೋಗಿ, ಐದು ಓಟಗಳಲ್ಲಿಯೂ ಗೆದ್ದ ಒಬ್ಬ ಹೆಣ್ಣುಮಗಳನ್ನು ಉಳಿಸಿಕೊಂಡಿದ್ದರು. ಆಕೆ ತನ್ನ ಉಳಿತಾಯವನ್ನೂ ಸಾಲವನ್ನೂ ಸೇರಿಸಿ ಮುಂದಿನ ಓಟಕ್ಕೆ ಹಣ ತಂದಿದ್ದಳು. ನಮ್ಮ ಶಾಸ್ತ್ರಕಾರರು ಇದಕ್ಕೆ ಕಾಕತಾಳೀಯ ಎಂಬ ಚಿಕ್ಕ ಹೆಸರಿಟ್ಟಿದ್ದಾರೆ. ಕಾಗೆ ಕುಳಿತಿತು, ತಾಳೆಯ ಹಣ್ಣು ಬಿದ್ದಿತು. ಆದರೆ ಸಾವಿರ ಮರಗಳ ಮೇಲೆ ಸಾವಿರ ಕಾಗೆಗಳನ್ನು ಕೂರಿಸುವವನು ಒಬ್ಬನಿದ್ದಾನೆ ಎಂಬುದನ್ನು ಆ ಹೆಸರಿಟ್ಟವರು ಊಹಿಸಿರಲಿಕ್ಕಿಲ್ಲ.

ಇನ್ನೊಂದು ಬಗೆಯ ಮಾತನ್ನೂ ಹುಡುಗನು ಓದಿ ಹೇಳಿದನು: 'ಒಳಗಿನ ಸುದ್ದಿ, ಪಂದ್ಯ ಫಿಕ್ಸ್ ಆಗಿದೆ.' ಇದಕ್ಕೆ ಬೆಲೆ ಹೆಚ್ಚು. ಇದನ್ನು ಜನ ನಂಬುವುದಕ್ಕೆ ಕಾರಣಗಳಿಲ್ಲದೆ ಇಲ್ಲ. ೨೦೦೦ದಲ್ಲಿ ದಕ್ಷಿಣ ಆಫ್ರಿಕದ ನಾಯಕ ಕ್ರೋನಿಯೆಯ ಪ್ರಕರಣ, ೨೦೧೩ರಲ್ಲಿ ಐಪಿಎಲ್ ಪ್ರಕರಣಗಳು ನಡೆದವು. ನಮ್ಮ ನಾಡಿನದೇ ಮಾತು ಬೇಕೆಂದರೆ, ೨೦೧೯ರ ಕರ್ನಾಟಕ ಪ್ರೀಮಿಯರ್ ಲೀಗ್ ಅಂತಿಮ ಪಂದ್ಯದಲ್ಲಿ ಹುಬ್ಬಳ್ಳಿ ಟೈಗರ್ಸ್ ತಂಡವು ಬಳ್ಳಾರಿ ಟಸ್ಕರ್ಸ್ ತಂಡವನ್ನು ಸೋಲಿಸಿತ್ತು. ಸೋತ ತಂಡದ ಇಬ್ಬರು ಆಟಗಾರರು ನಿಧಾನವಾಗಿ ಆಡಲು ಹಣ ಪಡೆದರೆಂಬ ಆಪಾದನೆಯ ಮೇಲೆ ಬೆಂಗಳೂರು ಪೊಲೀಸರು ಅವರನ್ನು ಅದೇ ವರ್ಷದ ನವೆಂಬರಿನಲ್ಲಿ ಬಂಧಿಸಿದರು. ೨೦೨೨ರ ಜನವರಿಯಲ್ಲಿ ಹೈಕೋರ್ಟು, ಇಂತಹ ಆಪಾದನೆಯು ದಂಡಸಂಹಿತೆಯ ವಂಚನೆಯ ಕಲಮಿನೊಳಗೆ ಬರುವುದಿಲ್ಲವೆಂದು ಪ್ರಕರಣವನ್ನು ರದ್ದುಪಡಿಸಿತು. ನ್ಯಾಯಾಲಯದ ಮಾತು ಹೇಗೇ ಇರಲಿ, ಆ ವೃತ್ತಪತ್ರಿಕೆಗಳ ಕತ್ತರಿಗಳು ಮಾತ್ರ ಬುದ್ಧಿ ಹೇಳುವವರಿಗೆ ಪ್ರಶಸ್ತಿಪತ್ರಗಳಾದವು. ಆದರೆ ಪಂದ್ಯದ ಫಲ ನಿಜವಾಗಿಯೂ ಮೊದಲೇ ತಿಳಿದವನು ಅದನ್ನು ತಡಸದ ಹುಡುಗನಿಗೆ ಎರಡು ಸಾವಿರ ರೂಪಾಯಿಗೆ ಏಕೆ ಮಾರಬೇಕು? ತನ್ನ ಮನೆಯನ್ನೇ ಅಡವಿಟ್ಟು ತಾನೇ ಹಾಕಬಾರದೇ? ಈ ಪ್ರಶ್ನೆಯನ್ನು ಹುಡುಗನಿಗೆ ಕೇಳಿದಾಗ ಅವನು ಮೊದಲ ಬಾರಿಗೆ ತಲೆಯೆತ್ತಿ ನಮ್ಮ ಮುಖ ನೋಡಿದನು.

ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ತಿಳಿಯಬೇಕು. ಚಂದಾ ಹಣ ಒಂದು ಮೂಲ. ಅದಕ್ಕಿಂತ ದೊಡ್ಡ ಮೂಲ ಬೇರೆ ಇದೆ. ಗುಂಪಿಗೆ ಸೇರಿದವನಿಗೆ 'ಈ ಕೊಂಡಿಯ ಮೂಲಕವೇ ಖಾತೆ ತೆರೆಯಿರಿ' ಎಂದು ಹೇಳಲಾಗುತ್ತದೆ. ಹಾಗೆ ತೆರೆದ ಖಾತೆಯು ಯಾರು ಕಳಿಸಿದ ಗಿರಾಕಿ ಎಂಬ ಗುರುತನ್ನು ಹೊತ್ತಿರುತ್ತದೆ. ಆ ಗಿರಾಕಿ ಸೋತ ಹಣದಲ್ಲಿ ಶೇಕಡಾ ಇಷ್ಟೆಂದು ಕಳಿಸಿದವನಿಗೆ ಪಾಲು ಸಲ್ಲುವುದು ಜೂಜಿನ ವ್ಯಾಪಾರದಲ್ಲಿ ಲೋಕದ ಎಲ್ಲೆಡೆ ಇರುವ ಪದ್ಧತಿ. ಅಂದರೆ ಹುಡುಗ ಗೆದ್ದರೆ ಬುದ್ಧಿ ಹೇಳಿದವನಿಗೆ ಹೆಸರು, ಸೋತರೆ ಹಣ. ವೈದ್ಯನಿಗೆ ರೋಗಿಯ ಸಾವಿನಲ್ಲಿ ಪಾಲಿದ್ದರೆ ಔಷಧ ಹೇಗಿದ್ದೀತು? ನಮ್ಮ ಗುರುಗಳು ಹೇಳಿದ ಆಪ್ತನ ಮೂರನೆಯ ಲಕ್ಷಣ ಇಲ್ಲಿ ಬುಡಮೇಲಾಗಿ ನಿಂತಿದೆ.

ಕಾನೂನು ಸುಮ್ಮನಿದೆ ಎಂದಲ್ಲ. ನಮ್ಮ ರಾಜ್ಯವು ೨೦೨೧ರಲ್ಲಿ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ತಿದ್ದುಪಡಿ ತಂದಿತು. ೨೦೨೨ರ ಫೆಬ್ರುವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ತಳ್ಳಿಹಾಕಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಯನ್ನು ಅಂಗೀಕರಿಸಿ, ಅದೇ ತಿಂಗಳು ೨೨ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಇಂತಹ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ. ಪ್ರಚಾರ ಮಾಡುವವರಿಗೆ ಎರಡು ವರ್ಷದವರೆಗೆ ಸೆರೆ, ಐವತ್ತು ಲಕ್ಷದವರೆಗೆ ದಂಡ. ಆಡಿ ಕಳೆದುಕೊಂಡವನಿಗೆ ಈ ಕಾಯಿದೆಯಲ್ಲಿ ಶಿಕ್ಷೆಯಿಲ್ಲ. ಇದನ್ನು ನಮ್ಮ ತಾಯಂದಿರು ತಿಳಿದಿರಬೇಕು. ಮಗನಿಗೆ ಬೇಡಿ ಬಿದ್ದೀತೆಂಬ ಅಂಜಿಕೆಯಿಂದಲೇ ಎಷ್ಟೋ ಮನೆಗಳು ಬಾಯಿ ಬಿಡುವುದಿಲ್ಲ. ಹಣ ಹೋದ ಕೂಡಲೇ ೧೯೩೦ ಎಂಬ ದೂರವಾಣಿಗೆ ಕರೆ ಮಾಡಿ ಸೈಬರ್ ಅಪರಾಧ ವಿಭಾಗಕ್ಕೆ ದೂರು ಹೇಳಬಹುದು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ.

ಮತ್ತೆ ಹುಡುಗನ ಮಾತು. ಎರಡನೆಯ ಸಲ ಬಂದಾಗ ಅವನು ಒಂದು ಪ್ರಶ್ನೆ ಕೇಳಿದನು. ಅದು ಉಡಾಫೆಯ ಪ್ರಶ್ನೆಯಲ್ಲ. "ಮೈಲಾರದಾಗ ಕಾರಣಿಕ ಕೇಳಾಕ ಲಕ್ಷಗಟ್ಟಲೆ ಮಂದಿ ಹೋಗ್ತಾರಲ್ರಿ ಗುರುಗಳ. ಅದೂ ಮುಂದಿಂದ ಹೇಳೂದ ಅಲ್ಲೇನ್ರಿ? ಅದನ್ನ ನಂಬಬೌದು, ಇದನ್ನ ನಂಬಬಾರದು ಅಂದ್ರ ಹ್ಯಾಂಗ್ರಿ?"

ಅವನ ತಂದೆ ಗದರಿಸಹೋದರು, ನಾವು ತಡೆದೆವು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ಒಂದು ನುಡಿ ನುಡಿಯುತ್ತಾನೆ. ಅದರ ಅರ್ಥವನ್ನು ರೈತರು ಮಳೆಗೂ, ರಾಜಕಾರಣಿಗಳು ಚುನಾವಣೆಗೂ ಹಚ್ಚಿಕೊಳ್ಳುತ್ತಾರೆ. ಅದು ನಿಜವಾಯಿತೋ ಇಲ್ಲವೋ ಎಂಬ ಚರ್ಚೆ ವರ್ಷವಿಡೀ ನಡೆಯುತ್ತದೆ. ಅದನ್ನು ನಂಬೆಂದೂ ಬಿಡೆಂದೂ ನಾವು ಹೇಳಲಿಲ್ಲ. "ತಮ್ಮಾ, ಆ ನುಡಿಯನ್ನು ಎಷ್ಟು ಜನ ಕೇಳುತ್ತಾರೆ?" ಎಂದು ಕೇಳಿದೆವು. ಅಲ್ಲಿ ಬಯಲಿನಲ್ಲಿ ನಿಂತ ಎಲ್ಲರಿಗೂ ಒಂದೇ ನುಡಿ. ನಿನಗೊಂದು, ನಿನ್ನ ನೆರೆಯವನಿಗೊಂದು ಎಂದಿಲ್ಲ. ಮರುದಿನ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಅಳಿಸಿಹಾಕಲು ಬರುವುದಿಲ್ಲ. ತಪ್ಪಿದರೆ ತಪ್ಪಿತೆಂದು ಊರೆಲ್ಲ ಆಡಿಕೊಳ್ಳುತ್ತದೆ. ನಿನ್ನ ಬುದ್ಧಿವಂತನು ನಿನ್ನ ಕಿವಿಯಲ್ಲಿ ಹೇಳಿದ್ದನ್ನೇ ಇನ್ನೊಬ್ಬನ ಕಿವಿಯಲ್ಲಿಯೂ ಹೇಳಿದನೆಂದು ನಿನಗೆ ಹೇಗೆ ಗೊತ್ತು? ಹುಡುಗನು ಬಹಳ ಹೊತ್ತು ಸುಮ್ಮನಿದ್ದನು.

ಈ ಸಂದರ್ಭದಲ್ಲಿ ಅರವತ್ಮೂರು ಪುರಾತನರಲ್ಲಿ ಒಬ್ಬರಾದ ಮೂರ್ಖ ನಾಯನಾರರ ಚರಿತೆ ನಮಗೆ ನೆನಪಾಯಿತು. ಅವರು ಜೂಜಾಡಿ ಗೆದ್ದ ಹಣದಿಂದ ಶಿವಭಕ್ತರಿಗೆ ಅನ್ನವಿಕ್ಕಿದರೆಂದು ತಮಿಳಿನ ಪೆರಿಯ ಪುರಾಣ ಹೇಳುತ್ತದೆ. ಅವರು ಮೊದಲನೆಯ ಆಟವನ್ನು ಬೇಕೆಂದೇ ಸೋತು, ಎದುರಾಳಿಗೆ ಆಸೆ ಹುಟ್ಟಿಸಿ, ಮುಂದಿನ ಆಟಗಳಲ್ಲಿ ಗೆಲ್ಲುತ್ತಿದ್ದರಂತೆ. ಪುರಾತನರ ಭಕ್ತಿಗೆ ನಾವು ತಲೆಬಾಗುತ್ತೇವೆ; ಆದರೆ ಮೊದಲು ಗೆಲ್ಲಿಸಿ ಆಮೇಲೆ ಕೀಳುವ ವಿದ್ಯೆ ಒಂಬೈನೂರು ವರ್ಷಗಳ ಹಿಂದಿನ ಕವಿಗೂ ತಿಳಿದಿತ್ತು ಎಂಬುದು ಗಮನಾರ್ಹ.

ಹುಡುಗನ ವಾರ್ಷಿಕ ಚಂದಾ ಇನ್ನೂ ಮುಗಿದಿರಲಿಲ್ಲ. ೨೦೨೪ರ ಐಪಿಎಲ್ ಆರಂಭವಾಗುವಾಗ ಅವನಿಗೆ ಒಂದು ನೂರು ಪುಟದ ನೋಟಬುಕ್ಕನ್ನು ಕೊಟ್ಟು, ಒಂದು ಪೈಸೆಯನ್ನೂ ಹಾಕದೆ, ಆ ಗುಂಪಿನಲ್ಲಿ ಬಂದ ಪ್ರತಿಯೊಂದು ಮಾತನ್ನು ಪಂದ್ಯ ಆರಂಭವಾಗುವ ಮೊದಲೇ ಶಾಯಿಯಲ್ಲಿ ಬರೆದಿಡು, ಫಲವನ್ನು ಆಮೇಲೆ ಬರೆ ಎಂದು ಹೇಳಿದೆವು. ಮೇ ತಿಂಗಳ ಕೊನೆಗೆ ತಂದು ತೋರಿಸಿದನು. ಒಟ್ಟು ೫೮ ಮಾತುಗಳು. ೩೦ ಸರಿ, ೨೮ ತಪ್ಪು. ಹುಡುಗನ ಮುಖದಲ್ಲಿ ಇನ್ನೂ ಒಂದು ಆಸೆಯ ಎಳೆ ಇತ್ತು, ಸರಿಯಾದವೇ ಹೆಚ್ಚಲ್ಲವೇ! ನೂರು ರೂಪಾಯಿ ಹಾಕಿ ಗೆದ್ದರೆ ತೊಂಬತ್ತು, ಸೋತರೆ ನೂರು ಎಂಬ ಲೆಕ್ಕ ಹಿಡಿದು ನೀನೇ ಕೂಡಿಸು ಎಂದೆವು. ಗೆದ್ದದ್ದು ೨,೭೦೦, ಸೋತದ್ದು ೨,೮೦೦. ಆರು ಸಾವಿರದ ಚಂದಾ ಬೇರೆ. ಅವನು ಎರಡು ಸಲ ಕೂಡಿಸಿ ನೋಡಿದನು. ಆಮೇಲೆ ಗುಂಪಿನ ಹಳೆಯ ಸಂದೇಶಗಳನ್ನು ಹಿಂದಕ್ಕೆ ಸರಿಸಿ ನೋಡಿದಾಗ ಅಲ್ಲಿ ಉಳಿದಿದ್ದ ತಪ್ಪು ಮಾತುಗಳು ಐದೇ. ಉಳಿದ ಇಪ್ಪತ್ಮೂರು ನೋಟಬುಕ್ಕಿನಲ್ಲಿ ಮಾತ್ರ ಇದ್ದವು.

ಅವನ ತಂದೆ ಓದು ಬಲ್ಲವರಲ್ಲ. ಆ ಪುಟಗಳನ್ನು ಮಗನ ಕೈಯಿಂದ ತೆಗೆದುಕೊಂಡು, ಅಡ್ಡಗೀಟು ಹಾಕಿದ ಸಾಲುಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿ ಮರಳಿ ಕೊಟ್ಟರು, ಏನೂ ಹೇಳಲಿಲ್ಲ.

೨೦೨೫ರ ಸೆಪ್ಟೆಂಬರಿನಲ್ಲಿ, ಕಾಯಿದೆ ಬಂದ ಮರುತಿಂಗಳು, ಏಷ್ಯಾ ಕಪ್ ಪಂದ್ಯಗಳ ಹೊತ್ತಿಗೆ ಬೇರೆ ಹೆಸರಿನ, ಬೇರೆ ಸಂಖ್ಯೆಯ ಒಂದು ಸಂದೇಶ ಅವನಿಗೆ ಬಂದಿತು. 'ಬ್ರೋ, ಬಹಳ ದಿನ ಆಯಿತು. ಮೊದಲ ಮೂರು ಪಂದ್ಯ ಫ್ರೀ, ಏನೂ ಹಾಕಬೇಡಿ, ಸುಮ್ಮನೆ ನೋಡಿ.' ಹುಡುಗನು ಅದನ್ನು ನಮಗೆ ತೋರಿಸಿದನು. ಅಳಿಸಲಿಲ್ಲ, ಠಾಣೆಯಲ್ಲಿ ತೋರಿಸಲು ಬೇಕಾದೀತೆಂದು ಇಟ್ಟುಕೊಂಡಿದ್ದಾನೆ. ಬೋರಮಾಳ ಇನ್ನೂ ಅಡವಿನಲ್ಲಿಯೇ ಇದೆ. ಬಡ್ಡಿಯನ್ನು ಹುಡುಗನು ತನ್ನ ಪಗಾರದಿಂದ ತುಂಬುತ್ತಿದ್ದಾನೆ. ಅಸಲಿಗೆ ಗೋವಿನಜೋಳ ಮಾರಿದ ಮೇಲೆ ನೋಡಬೇಕೆಂದು ಅವನ ತಾಯಿ ಮೊನ್ನೆ ನಮ್ಮ ಮನೆಗೆ ಬಂದಾಗ ಹೇಳಿದರು.